ತಮ್ಮ ತಪ್ಪು ತಾವೇ ಬರೆದವರು

ಇದನ್ನು ಬರೆಯಬೇಕೆಂದು ಕೂತು ಎದ್ದಿದ್ದು ಎಷ್ಟು ಸಲವೋ ನನಗೇ ಲೆಕ್ಕ ಸಿಗದು. ಅವರು ಬದುಕಿದ್ದಾಗ, ಬದುಕಿರುವವರ ವಿಷಯ ಯಾಕೆ ಎಂದುಕೊಂಡೆ. ಹೋದ ವರ್ಷ ಮಾಲೂರಿನಲ್ಲಿ ತೀರಿಕೊಂಡರು. ಆಮೇಲೆ, ಹೋದವರ ವಿಷಯ ಯಾಕೆ ಎಂದುಕೊಂಡೆ. ಎರಡೂ ನೆಪ. ನನಗೀಗ ಎಪ್ಪತ್ತನಾಲ್ಕು. ಎಡಗಣ್ಣು ಮಂಜಾಗಿದೆ. ಇನ್ನೂ ಮುಂದೂಡಿದರೆ ಈ ಮಾತು ನನ್ನ ಜೊತೆಗೇ ಸುಟ್ಟುಹೋಗುತ್ತದೆ. ಹಾಗೇ ಆಗಲಿ ಎಂದು ನಾನು ಒಳಗೊಳಗೆ ಕಾಯುತ್ತಿದ್ದೆ ಅನ್ನುವುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಅವರ ಹೆಸರು ಹೇಳುವುದಿಲ್ಲ. ಟೀವಿ ನೋಡುವವರಿಗೆ ಒಂದು ಕಾಲದಲ್ಲಿ ಅವರ ಮುಖ ಗೊತ್ತಿತ್ತು. ದೇಶದ ಗಡಿ, ಸೇನೆ, ಅಕ್ಕಪಕ್ಕದ ದೇಶಗಳ ಜೊತೆಗಿನ ವ್ಯವಹಾರ, ಇವುಗಳ ಬಗ್ಗೆ ಬರೆಯುವುದು, ಮಾತಾಡುವುದು ಅವರ ಕೆಲಸ. ದೇವರಾಯಸಮುದ್ರದ ಕಡೆಯ ಮೇಷ್ಟರೊಬ್ಬರ ಮಗ. ಮುಳಬಾಗಿಲಿನಲ್ಲಿ ಹೈಸ್ಕೂಲು ಮುಗಿಸಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ದಿಲ್ಲಿಗೆ ಹೋಗಿ, ಮೂವತ್ತು ವರ್ಷ ಅಲ್ಲೇ ಇದ್ದರು. ಯಾವುದೋ ಸಲಹಾ ಸಮಿತಿಯಲ್ಲಿದ್ದು ಜಗಳವಾಡಿ ಹೊರಬಂದಿದ್ದರು. ಎಲ್ಲರೂ ಯುದ್ಧ ಯುದ್ಧ ಎಂದು ಕೂಗುವಾಗ ಕೂತು ಮಾತಾಡಿ ಎಂದು ಬರೆದರು. ಎಲ್ಲರೂ ಕೈಕುಲುಕಿ ಫೋಟೋ ತೆಗೆಸಿಕೊಳ್ಳುವಾಗ ಮದ್ದುಗುಂಡಿನ ಉಗ್ರಾಣ ಒಮ್ಮೆ ನೋಡಿಕೊಳ್ಳಿ ಎಂದು ಬರೆದರು. ಹೀಗಾಗಿ ಎರಡೂ ಕಡೆಯವರಿಗೂ ಬೇಡವಾದರು. ಪತ್ರಿಕೆಯವರು ಅವರ ಹೆಸರಿನ ಹಿಂದೆ ‘ವಿವಾದಾತ್ಮಕ’ ಎಂಬ ಪದವನ್ನು ಇನಿಷಿಯಲ್ ಥರ ಸೇರಿಸುತ್ತಿದ್ದರು. ಸಾವಿನ ಸುದ್ದಿ ಎರಡು ಬೆರಳಗಲ ಬಂತು. ಅದರಲ್ಲೂ ಆ ಪದ ಇತ್ತು.

ಹೆಂಡತಿ ಹೋದ ಮೇಲೆ ದಿಲ್ಲಿ ಬಿಟ್ಟು ಬಂದು ಮುಳಬಾಗಿಲಿನಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದರು. ಅಲ್ಲಿಂದಲೇ ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ಬೆಳಗ್ಗೆ ಎದುರಿನ ಟೀ ಅಂಗಡಿಗೆ ಇಳಿಯುತ್ತಿದ್ದರು. ಟೀ ಅಂಗಡಿಯವನು ದಿನಾ ಕೆಣಕುತ್ತಿದ್ದ.

“ಏನ್ ಸಾ, ಇವತ್ತು ಚೀನಾದೋರಿಗೆ ಎಷ್ಟು ಜಾಗ ಬಿಟ್ಕೊಟ್ರಿ?”

“ಒಂದು ಟೀ ಲೋಟದಷ್ಟು ಬಿಡೋಣ ಅಂತಿದ್ದೆ ಕಣಯ್ಯ. ನೀನು ಅದನ್ನೂ ಅರ್ಧಾನೇ ತುಂಬಿಸ್ತೀಯಲ್ಲ.”

ನಾನು ಇಪ್ಪತ್ತನಾಲ್ಕು ವರ್ಷ ಸೇನೆಯಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ಓದಿದ್ದು ಎಸ್ಸೆಸ್ಸೆಲ್ಸಿ. ಊರು ಶ್ರೀನಿವಾಸಪುರ. ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಒಂದರಲ್ಲಿ ಗೇಟಿನ ಕಾವಲಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಕೋಲಾರದ ಒಂದು ಕಾಲೇಜಿನಲ್ಲಿ ಅವರ ಭಾಷಣ ಇದೆ ಎಂದು ಕೇಳಿ ಹೋದೆ. ಗೋಡೆಗೆ ನಕ್ಷೆ ಹಾಕಿಕೊಂಡು, ಉತ್ತರದ ಒಂದು ಕಣಿವೆಯಿಂದ ಇನ್ನೊಂದು ಠಾಣ್ಯಕ್ಕೆ ಸಾಮಾನು ಒಂದೇ ದಿನದಲ್ಲಿ ಸಾಗಿಸಬಹುದು ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಸಾರ್, ನಕ್ಷೇಲಿ ನಾಲ್ಕು ಬೆರಳು. ಕಾಲಲ್ಲಿ ಎರಡು ದಿನ. ಹಿಮ ಬಿದ್ರೆ ಆ ಎರಡು ದಿನಾನೂ ಇಲ್ಲ.”

ಸಭೆ ನಕ್ಕಿತು. ಅವರು ನಗಲಿಲ್ಲ. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು, “ಇನ್ನೊಂದ್ ಸಲ ಹೇಳಿ” ಅಂದರು. ನಾನು ಹೇಳಿದ್ದನ್ನು ನಿಂತಲ್ಲೇ ಬರೆದುಕೊಂಡರು. ಆಮೇಲೆ ಮೈಕಿನಲ್ಲಿ, “ನಾನು ಹೇಳಿದ್ದು ತಪ್ಪು. ಇವರು ಹೇಳಿದ್ದು ಸರಿ. ಮುಂದಕ್ಕೆ ಹೋಗೋಣ” ಅಂದರು. ಇಪ್ಪತ್ತನಾಲ್ಕು ವರ್ಷದಲ್ಲಿ ನನಗಿಂತ ಮೇಲಿನವರು ಯಾರೂ ನನ್ನೆದುರು ಆಡದ ಮಾತು ಅದು.

ಅಲ್ಲಿಂದ ಭಾನುವಾರಗಳಲ್ಲಿ ಬಸ್ಸು ಹತ್ತಿ ಮುಳಬಾಗಿಲಿಗೆ ಹೋಗುವುದು ಅಭ್ಯಾಸವಾಯಿತು. ಅವರು ಕೇಳುತ್ತಿದ್ದದ್ದು ಸಣ್ಣ ಸಣ್ಣ ಸಂಗತಿ. ಕಾಲುಚೀಲ ಒಣಗಿಸುವುದು ಎಲ್ಲಿ, ಹೇಸರಗತ್ತೆಗೆ ಕಾಯಿಲೆಯಾದರೆ ಏನು ಮಾಡುತ್ತೀರಿ, ಮನೆಯಿಂದ ಕಾಗದ ಬರುವುದು ನಿಂತರೆ ಹುಡುಗರು ಏನು ಮಾಡುತ್ತಾರೆ. “ಗಡಿ ಅಂದ್ರೆ ಗೆರೆ ಅಂದ್ಕೊಂಡಿದಾರೆ ಎಲ್ಲಾ. ಅದು ಅಡುಗೆಮನೆ ಕಣ್ರೀ. ಅಕ್ಕಿ, ಸೀಮೆಎಣ್ಣೆ ಮುಗಿದ ದಿನ ಗಡೀನೂ ಮುಗೀತು” ಎನ್ನುತ್ತಿದ್ದರು.

ತಮಗೆ ವಿಷಯ ಹೇಳಿದವರ ಹೆಸರನ್ನು ಪುಸ್ತಕದಲ್ಲಿ ಎಂದೂ ಬರೆಯುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ನಮ್ಮ ಕಡೆಯ ಒಂದೊಂದು ಮಾವಿನ ಹೆಸರು. ದಿಲ್ಲಿಯ ದೊಡ್ಡ ಅಧಿಕಾರಿಯೊಬ್ಬರು ಮಲಗೋವಾ. ಬಾಯಿಬಡುಕ ಪತ್ರಕರ್ತನೊಬ್ಬ ತೋತಾಪುರಿ. ನನ್ನದೇನು ಸಾರ್ ಎಂದು ಕೇಳಿದೆ.

“ನೀವು ನೀಲಂ. ಎಲ್ಲಾ ಹಣ್ಣು ಮುಗಿದ ಮೇಲೆ ಬರೋದು. ನಿಮ್ಮ ಬಾಯಿಂದ ಒಂದು ಮಾತು ಬರಬೇಕಾದ್ರೆ ಮೂರು ಟೀ ಆಗುತ್ತಲ್ಲ!”

ಅವರ ಇನ್ನೊಂದು ಪದ್ಧತಿ ಹೇಳಲೇಬೇಕು. ಪ್ರತಿ ವರ್ಷದ ಕೊನೆಯ ಅಂಕಣದಲ್ಲಿ ಆ ವರ್ಷ ತಾವು ಬರೆದು ತಪ್ಪಿದ್ದನ್ನೆಲ್ಲ ತಾವೇ ಬರೆಯುತ್ತಿದ್ದರು. ಇಂಥ ಗಡಿಯಲ್ಲಿ ಏನೂ ಆಗುವುದಿಲ್ಲ ಎಂದಿದ್ದೆ, ಆಯಿತು, ನಾನು ತಪ್ಪಿದೆ. ಇಂಥವರು ಮಾತುಕತೆಗೆ ಬರುತ್ತಾರೆ ಎಂದಿದ್ದೆ, ಬರಲಿಲ್ಲ, ನಾನು ತಪ್ಪಿದೆ. ಸಮಜಾಯಿಷಿ ಇರುತ್ತಿರಲಿಲ್ಲ. ಅವರನ್ನು ಬೈಯುವವರು ವರ್ಷವೆಲ್ಲ ಕಾದಿದ್ದು ಆ ಅಂಕಣವನ್ನೇ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. “ಶತ್ರುಗಳಿಗೆ ನೀವೇ ಕೋಲು ಕೊಡ್ತೀರಲ್ಲ ಸಾರ್” ಎಂದರೆ, “ಅವರು ಹುಡುಕ್ಕೊಂಡು ಹೋಗೋದು ತಪ್ಪಲಿ ಅಂತ” ಎನ್ನುತ್ತಿದ್ದರು.

ಎಲ್ಲಾ ಗುಣವೇ ಇತ್ತು ಎಂದಲ್ಲ. ಹಠ ಜಾಸ್ತಿ. ಎದುರಿನವರು ಅರ್ಧ ಓದಿಕೊಂಡು ವಾದಕ್ಕೆ ಬಂದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಕಳಿಸುತ್ತಿದ್ದರು. ನಿಜವನ್ನು ಬರೆದರೆ ಸಾಕು, ಅದು ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಅಷ್ಟಾಗಿ ಯೋಚಿಸುತ್ತಿರಲಿಲ್ಲ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ಗೌನಿಪಲ್ಲಿಯ ಹತ್ತಿರದ ಒಂದು ಹಳ್ಳಿಯ ಹುಡುಗ ಉತ್ತರದ ಎತ್ತರದ ಠಾಣ್ಯವೊಂದರಲ್ಲಿ ತೀರಿಕೊಂಡ. ಇಪ್ಪತ್ತಮೂರು ವರ್ಷ. ತಂದೆ ಇರಲಿಲ್ಲ, ತಾಯಿ ಮಾತ್ರ. ನಮ್ಮ ಕಡೆ ಸೈನಿಕನ ಪೆಟ್ಟಿಗೆ ಬಂದರೆ ಹತ್ತಿರದ ಊರುಗಳ ನಿವೃತ್ತರಲ್ಲಿ ಹಿರಿಯನಾದವನು ಮುಂದೆ ನಿಲ್ಲಬೇಕು. ಜೊತೆಗೆ ಬಂದವರ ಹಿಂದಿ ಕೇಳಿಸಿಕೊಂಡು ಮನೆಯವರಿಗೆ ಅವರ ಮಾತಿನಲ್ಲಿ ಹೇಳಬೇಕು, ಕಾಗದ ಓದಿ ಹೇಳಬೇಕು, ಆಮೇಲೆ ಕಚೇರಿ ಕೆಲಸಗಳಿಗೆ ಆ ಕಾಗದಗಳನ್ನು ತಾನೇ ಇಟ್ಟುಕೊಂಡು ಓಡಾಡಬೇಕು. ಅದು ನಮ್ಮಲ್ಲಿ ನಡೆದುಬಂದ ರೂಢಿ. ಅಂದು ಆ ಹಿರಿಯ ನಾನು.

ಪೆಟ್ಟಿಗೆಯ ಜೊತೆ ಬಂದಿದ್ದ ಸುಬೇದಾರರು ನನ್ನನ್ನು ಪಕ್ಕಕ್ಕೆ ಕರೆದು ಏನೂ ಮುಚ್ಚಿಡದೆ ಹೇಳಿದರು. ಕಾಗದದಲ್ಲೂ ಅದೇ ಇತ್ತು. ಆ ಎತ್ತರದಲ್ಲಿ ಗೂಡಿನಂಥ ಬಂಕರಿನೊಳಗೆ ಬುಖಾರಿ ಎಂಬ ಸೀಮೆಎಣ್ಣೆ ಒಲೆ ಉರಿಸಿಕೊಂಡು ಮಲಗುತ್ತಾರೆ. ಗಾಳಿಗೆಂದು ಒಂದು ಕಿಂಡಿ ಬಿಟ್ಟಿರುತ್ತದೆ. ಅವತ್ತು ಚಳಿಗಾಳಿ ಜೋರಾಗಿ, ಹುಡುಗ ಕಿಂಡಿಗೆ ಕಂಬಳಿ ತುರುಕಿ ಮಲಗಿದ. ಒಲೆಯ ವಿಷಗಾಳಿ ತುಂಬಿ ನಿದ್ದೆಯಲ್ಲೇ ಹೋದ.

ತಾಯಿ ಪೆಟ್ಟಿಗೆಯ ಪಕ್ಕ ಕೂತಿದ್ದರು. ಮಗನ ಮುಖ ಆಗತಾನೇ ಹುಟ್ಟಿದ ಮಗುವಿನ ಮುಖದ ಹಾಗೆ ಕೆಂಪಗಿತ್ತು. ಆ ವಿಷಗಾಳಿಗೆ ಹಾಗಾಗುತ್ತದೆ.

“ಏಮಿ ರಾಸಿನಾರು ಸಾಮಿ?” ಏನು ಬರೆದಿದ್ದಾರೆ ಎಂದು ತೆಲುಗಿನಲ್ಲಿ ಕೇಳಿದರು. ಆಮೇಲೆ ಕನ್ನಡದಲ್ಲಿ, “ಮುಖ ಯಾಕೆ ಇಷ್ಟು ಕೆಂಪಗೈತೆ? ಜ್ವರ ಗಿರ ಬಂದಿತ್ತಾ?”

ಸುತ್ತ ಊರೇ ನೆರೆದಿತ್ತು. ಕಿಂಡಿ ಮುಚ್ಚಿ ಮಲಗಿದ ಎಂದು ಆ ತಾಯಿಗೆ ಹೇಗೆ ಹೇಳುವುದು? “ಚಳೀಗೆ ಹಂಗಾಗುತ್ತಮ್ಮ” ಎಂದೆ. ಬಾಯಿ ಅಷ್ಟಕ್ಕೆ ನಿಲ್ಲಲಿಲ್ಲ. “ಶತ್ರುಗಳ ಗುಂಡು. ಎದೆಗೆ ಒಂದೇ ಏಟು. ನೋವು ಗೊತ್ತಾಗೋಕೆ ಮುಂಚೇನೇ ಹೋಗಿದಾನೆ” ಎಂದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು.

ಕನಿಕರದಿಂದ ಹೇಳಿದ ಸುಳ್ಳು ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಕಾಗದವನ್ನು ಮಡಿಸಿ ನನ್ನ ಟ್ರಂಕಿನಲ್ಲಿಟ್ಟೆ. ಆದರೆ ಮಾತು ಮಡಿಸಿಟ್ಟ ಹಾಗೆ ಇರುವುದಿಲ್ಲ. ಮೆರವಣಿಗೆ ಹೊರಡುವ ಹೊತ್ತಿಗೆ ಮೈಕಿನಲ್ಲಿ ಆ ಒಂದು ಗುಂಡು ಐವರು ಶತ್ರುಗಳಾಗಿತ್ತು. ತಿಥಿಯ ಹೊತ್ತಿಗೆ ಹುಡುಗ ಇಬ್ಬರನ್ನು ಕೊಂದು ಬಿದ್ದಿದ್ದ. ಊರ ಮುಂದೆ ಕಟ್ಟೆ ಕಟ್ಟಿ, ಬಂದೂಕು ಹಿಡಿದ ಅವನ ಚಿತ್ರ ಬರೆಸಿದರು. ಅದನ್ನು ಉದ್ಘಾಟಿಸಲು ನನ್ನನ್ನೇ ಕರೆದರು. ಹೋದೆ, ಶಾಲು ಹೊದಿಸಿಕೊಂಡೆ.

ಅದೇ ವರ್ಷ ಒಂದು ಭಾನುವಾರ ಮಧ್ಯಾಹ್ನ, ಅವರ ಕೋಣೆಯಲ್ಲಿ, ಚಳಿಗಾಲದ ಠಾಣ್ಯಗಳ ಬಗ್ಗೆ ಮಾತು ಬಂತು. ಬುಖಾರಿ ಹೇಗೆ ಉರಿಯುತ್ತದೆ, ಅಪಾಯವೇನು ಎಂದು ಕೇಳಿದರು. ಮೂರು ಟೀ ಆಗಿತ್ತೋ ಏನೋ. ಎಲ್ಲವನ್ನೂ ಹೇಳಿಬಿಟ್ಟೆ. ಅವರು ಪೆನ್ಸಿಲ್ ಕೆಳಗಿಟ್ಟರು.

“ಆಯಮ್ಮನಿಗೆ ಗೊತ್ತಾ?”

“ಇಲ್ಲ ಸಾರ್.”

“ಗುಂಡಿನಿಂದ ಸಾಯ್ಲಿಲ್ಲ ಅಂದ್ರೆ ಹುಡುಗ ಸಣ್ಣೋನಾಗ್ಬಿಡ್ತಾನಾ, ಹವಾಲ್ದಾರ್ರೆ? ಆ ಚಳೀಲಿ ಅವನು ಯಾರ ಮನೆ ಕಾಯ್ತಾ ಇದ್ದ?”

ನಾನು ಖಾಲಿ ಟೀ ಲೋಟಗಳನ್ನು ಒಂದರೊಳಗೊಂದು ಇಟ್ಟೆ.

“ಮುಂದಿನ ಚಳಿಗಾಲಕ್ಕೆ ನಮ್ಮ ತಾಲ್ಲೂಕುಗಳಿಂದ ಇನ್ನೂ ಹುಡುಗರು ಹೋಗ್ತಾರೆ. ಕಿಂಡಿ ಮುಚ್ಚಬೇಡಿ ಅಂತ ಅಲ್ಲಿ ಅಧಿಕಾರಿ ಹೇಳ್ತಾನೆ. ಮನೆಯಿಂದ ಅಮ್ಮಂದಿರೂ ಹೇಳಿದ್ರೆ ಕೇಳ್ತಾರೆ. ಅಮ್ಮಂದಿರಿಗೆ ಗೊತ್ತಾಗೋದು ಹೇಗೆ?” ಎಂದು ಕೇಳಿ, “ಬರೀಲಾ?” ಎಂದರು.

“ಬರೀರಿ ಸಾರ್. ನನ್ನ ಹೆಸರು ಬೇಡ” ಎಂದೆ.

ಬರೆದರು. ಹುಡುಗನ ಹೆಸರಿಲ್ಲ, ಊರಿಲ್ಲ. ‘ನಮ್ಮ ಜಿಲ್ಲೆಯ ಒಬ್ಬ ಯೋಧ’ ಎಂದಷ್ಟೇ ಇತ್ತು. ಅವನ ಬಗ್ಗೆ ಒಂದು ಹಗುರ ಮಾತೂ ಇರಲಿಲ್ಲ. ಆದರೆ ಆ ವರ್ಷ ನಮ್ಮ ಕಡೆ ಬಂದಿದ್ದು ಅದೊಂದೇ ಪೆಟ್ಟಿಗೆ. ಯಾರೆಂದು ತಿಳಿಯಲು ಯಾರಿಗೂ ಒಂದು ಗಂಟೆಯೂ ಹಿಡಿಯಲಿಲ್ಲ.

ಹುತಾತ್ಮನನ್ನು ಒಲೆಯ ಹೊಗೆಗೆ ಸತ್ತವನೆಂದ ಎಂದು ಗಲಾಟೆ ಶುರುವಾಯಿತು. ಅವರ ಹಳೆಯ ಅಂಕಣಗಳನ್ನು, ತಪ್ಪು ಒಪ್ಪಿಕೊಂಡಿದ್ದ ಅಂಕಣಗಳನ್ನೂ, ಹೊರಗೆಳೆದು ಹಂಚಿದರು. ಇವನಿಗೆ ತಪ್ಪು ಬರೆಯುವುದೇ ಕಸುಬು ಎಂದರು. ಕೋಣೆಯ ಮೆಟ್ಟಿಲಿಗೆ ಯಾರೋ ಗಾಡಿಯ ಕಪ್ಪೆಣ್ಣೆ ಸುರಿದರು. ಟೈರ್ ಅಂಗಡಿಯವರು ಕೈಮುಗಿದು, ಬೇರೆ ಕಡೆ ನೋಡಿಕೊಳ್ಳಿ ಸಾರ್ ಎಂದರು. ಟೀವಿಯಲ್ಲಿ, ನಿಮಗೆ ಯಾರು ಹೇಳಿದ್ದು ಹೇಳಿ, ಇಲ್ಲವಾದರೆ ಸುಳ್ಳೆಂದು ಒಪ್ಪಿಕೊಳ್ಳಿ ಎಂದು ಕೂಗಾಡಿದರು. “ಎರಡೂ ಆಗಲ್ಲ” ಎಂದಷ್ಟೇ ಹೇಳಿ ಕೂತರು. ಮನೆಯಲ್ಲಿ ಕೂತು ನೋಡುತ್ತಿದ್ದ ನಾನು ಟೀವಿ ಆರಿಸಿದೆ.

ಹತ್ತು ದಿನಕ್ಕೆ ಹುಡುಗನ ಊರಿನಲ್ಲೇ, ಕಟ್ಟೆಯ ಮುಂದೆ, ಖಂಡನಾ ಸಭೆ. ನನ್ನನ್ನು ಕರೆಯಲು ಬಂದವರು, “ಹವಾಲ್ದಾರ್ ಸಾ, ಮಿಲಿಟರಿ ಪೇಪರ್ ಓದಿದ್ದು ನೀವೇ ಅಲ್ವಾ? ನಿಮ್ಮ ಒಂದು ಮಾತು ಸಾಕು, ಆವಯ್ಯನ ಬಾಯಿ ಮುಚ್ಚೋಗುತ್ತೆ” ಎಂದರು. ಇಲ್ಲ ಎನ್ನಬಹುದಿತ್ತು. ಜ್ವರ ಎಂದು ಮಲಗಬಹುದಿತ್ತು. ಪದಕಗಳನ್ನು ಚುಚ್ಚಿಕೊಂಡು ಹೋದೆ.

ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಸಭೆ ಅರ್ಧವಾಗುವಾಗ, ಎಲ್ಲರೂ ಬೈಯುತ್ತಿದ್ದ ಅವರೇ ಬಂದರು. ಯಾರೂ ಕರೆದಿರಲಿಲ್ಲ. ಬಸ್ಸಿಳಿದು ಒಬ್ಬರೇ ನಡೆದು ಬಂದು ಹಿಂದೆ ನಿಂತರು. ಆ ತಾಯಿಯನ್ನು ಕಂಡು ಮಾತಾಡಲು ಬಂದಿದ್ದರೆಂದು ನನಗೆ ಆಮೇಲೆ ತಿಳಿಯಿತು. ಜನ ತಿರುಗಿ ಕೂಗತೊಡಗಿದರು.

“ಬಂದವ್ನೆ ನೋಡ್ರಲಾ! ಏನ್ ಧೈರ್ಯ ಲೇ ಇವನ್ಗೆ!”

“ಸಾಕ್ಷಿ ತೋರ್ಸೋ ಹೇಳ್ರೋ!”

ಮೈಕು ನನ್ನ ಕೈಗೆ ಬಂತು. ತಲೆಗಳ ಮೇಲಿಂದ ಅವರು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ. ಕಾಲೇಜಿನಲ್ಲಿ ಇನ್ನೊಂದು ಸಲ ಹೇಳಿ ಎಂದು ಕೇಳಿ ಕಾದಿದ್ದರಲ್ಲ, ಹಾಗೆ ಕಾಯುತ್ತಿದ್ದರು.

“ಕಾಗದದಲ್ಲಿ ಗುಂಡು ಅಂತಾನೇ ಇದೆ. ನಾನೇ ಓದಿದೀನಿ” ಎಂದೆ. ಜನ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಹೆದರಿಕೆಯಿಂದ ಆಡಿದ ಮಾತು ಎಂದಾದರೂ ಹೇಳಿಕೊಳ್ಳಬಹುದಿತ್ತು. ಚಪ್ಪಾಳೆ ನಿಂತ ಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದೆ: “ಈ ಮನುಷ್ಯ ಯಾರಿಗೋ ಮಾರ್ಕೊಂಡಿದಾನೆ.”

ತಾಯಿ ಎದ್ದರು. ಜನ ದಾರಿ ಬಿಟ್ಟರು. ಅವರ ಮುಂದೆ ಹೋಗಿ ನಿಂತು, ಬಗ್ಗಿ, ನೆಲದ ಮಣ್ಣನ್ನು ಬೊಗಸೆಯಲ್ಲಿ ಬಾಚಿ ಅವರ ಮುಖಕ್ಕೆ ತೂರಿದರು. ನಮ್ಮಲ್ಲಿ ಹೆಂಗಸರು ಹಾಕುವ ಶಾಪಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ.

“ನನ್ ಮಗನ್ನ ಎಷ್ಟು ಸಲ ಸಾಯಿಸ್ತೀಯ? ನಿನ್ ವಂಶ ಮಣ್ಣಾಗ!”

ಅವರು ಕಣ್ಣು ಮುಚ್ಚಿ ತೆರೆದರು. ಬೆರಳೆತ್ತಿ ನನ್ನ ಕಡೆ ತೋರಿಸಿದ್ದರೆ ಸಾಕಿತ್ತು. ಕಾಗದ ಅವನ ಟ್ರಂಕಿನಲ್ಲಿದೆ ನೋಡಿ ಎಂದಿದ್ದರೂ ಸಾಕಿತ್ತು. ಅವರು ಆ ತಾಯಿಗೆ ಕೈಮುಗಿದರು, ಹಿಂದಿರುಗಿ ನಡೆದರು. ಬಸ್ಸು ನಿಲ್ಲುವ ಜಾಗದವರೆಗೆ ಹುಡುಗರು ಕೂಗುತ್ತ ಹಿಂದೆ ಹೋದರು. ಮಣ್ಣನ್ನು ಒರೆಸಿಕೊಂಡಿದ್ದನ್ನು ನಾನು ನೋಡಲಿಲ್ಲ.

ಅಂಕಣ ನಿಂತಿತು. ಟೀವಿಯವರು ಕರೆಯುವುದು ನಿಂತಿತು. ಅವರು ಮಾಲೂರಿನಲ್ಲಿದ್ದ ತಂಗಿಯ ಮನೆ ಸೇರಿದರು. ವರ್ಷದ ಕೊನೆಯಲ್ಲಿ ನನಗೊಂದು ಲಕೋಟೆ ಬಂತು. ಅಚ್ಚು ಹಾಕುವ ಪತ್ರಿಕೆ ಇಲ್ಲದ ಕಾರಣ ತಪ್ಪುಗಳನ್ನು ಕೈಯಲ್ಲೇ ಬರೆದು, ಜೆರಾಕ್ಸ್ ಮಾಡಿಸಿ, ಪರಿಚಯದವರಿಗೆ ಕಳಿಸಿದ್ದರು. ನನ್ನ ವಿಷಯ ಏನಿದೆಯೋ ಎಂದು ಹುಡುಕುತ್ತ ಓದಿದೆ. ಕೊನೆಯ ಸಾಲು ಇಷ್ಟೇ: ‘ಒಬ್ಬ ಯೋಧನ ಸಾವಿನ ಬಗ್ಗೆ ಬರೆದೆ. ಬರೆದದ್ದು ನಿಜ. ಆದರೆ ಊರಿಗೆ ಹೇಳುವ ಮೊದಲು ಅವನ ತಾಯಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾನು ತಪ್ಪಿದೆ.’

ಮಾಲೂರಿಗೆ ಹೋಗಲು ನನಗೆ ಆರು ವರ್ಷ ಬೇಕಾಯಿತು. ಅವರಿಗೆ ಕಾಯಿಲೆ ಜಾಸ್ತಿಯಾಗಿದೆ ಎಂದು ಕೇಳಿ ಹೋದೆ. ತಂಗಿ ಬಾಗಿಲು ತೆಗೆದು, ಯಾರು ಎಂದು ಕೇಳಿ, ಹೆಸರು ಹೇಳಿದಾಗ ನೀರು ಕೊಟ್ಟರು. ನನ್ನ ವಿಷಯ ಆಕೆಗೆ ಏನೂ ಗೊತ್ತಿರಲಿಲ್ಲ. ಅವರು ಸ್ವಂತ ತಂಗಿಗೂ ಹೇಳಿರಲಿಲ್ಲ. ಮಂಚದಲ್ಲಿ ಸಣ್ಣಗಾಗಿ ಮಲಗಿದ್ದರು. ತಂಗಿ ಒಳಗೆ ಹೋದ ಮೇಲೆ ಕಾಲು ಹಿಡಿದುಕೊಂಡೆ.

“ತಪ್ಪಾಯ್ತು ಸಾರ್. ಅವತ್ತು ನಾನು ಸುಳ್ಳು ಹೇಳ್ದೆ.”

“ಗೊತ್ತಲ್ಲ” ಎಂದರು. ಉಸಿರು ತೆಗೆದುಕೊಂಡು, “ನನಗೆ ಗೊತ್ತಿರೋದನ್ನ ನನಗೇ ಹೇಳೋಕೆ ಅಷ್ಟು ದೂರದಿಂದ ಬಂದ್ರಾ? ಕಾಲು ಬಿಡಿ. ಗೊತ್ತಿಲ್ದೆ ಇರೋರ ಹತ್ರ ಹೋಗಿ.”

“ಹೋಗ್ತೀನಿ ಸಾರ್.”

“ಆಯಮ್ಮ ಮಣ್ಣು ತೂರಿದ್ದು ಸರೀನೇ. ಆಳು ತಪ್ಪಿತ್ತು ಅಷ್ಟೆ.” ನಗಲು ನೋಡಿದರು, ಕೆಮ್ಮು ಬಂತು.

ಆಮೇಲೆ ಅವರು ಬಹಳ ದಿನ ಎಳೆದರು. ಪ್ರತಿ ಸಲ ತಂಗಿಗೆ ಫೋನ್ ಮಾಡಿ ವಿಚಾರಿಸಿದಾಗ, ಅವರು ಫೋನು ಇಸಿದುಕೊಂಡು, “ಹೋಗಿದ್ರಾ?” ಎಂದು ಒಂದೇ ಮಾತು ಕೇಳುತ್ತಿದ್ದರು. ಇಲ್ಲ ಸಾರ್, ಹೋಗ್ತೀನಿ ಎನ್ನುತ್ತಿದ್ದೆ. ಕೊನೆಯ ಸಲ ಫೋನಿನಲ್ಲಿ ಬರೀ ಉಸಿರು ಕೇಳಿಸಿತು. ಕೇಳಬೇಕಾದ್ದು ಏನೆಂದು ನನಗೆ ಗೊತ್ತಿತ್ತು. ಉತ್ತರ ಅದೇ ಇತ್ತು.

ಅವರು ಹೋದ ಮೇಲೆ ಗೌನಿಪಲ್ಲಿಯ ಕಡೆ ಬಸ್ಸು ಹತ್ತಿದೆ. ಸುಳ್ಳು ಹೇಳುವುದಿಲ್ಲ, ಕಾಗದವನ್ನು ಜೇಬಿನಲ್ಲಿಟ್ಟುಕೊಂಡೇ ಹೋದೆ. ಆ ತಾಯಿ ಮನೆಯ ಮುಂದೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಕಣ್ಣಿಗೆ ಪೊರೆ ಬಂದಿದೆ, ದನಿಯಲ್ಲಿ ಗುರುತು ಹಿಡಿದರು. ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು.

“ನಾನು ಮಣ್ಣು ತೂರಿದೆನಲ್ಲ ಸಾಮಿ, ಆಯಪ್ಪ ಹೋಗ್ಬಿಟ್ರಂತೆ” ಎಂದರು.

“ಹೂಂ ಅಮ್ಮ.”

“ಓದಿದೋರು. ವಯಸ್ಸಾದೋರು. ಕೈ ಮುಗಿದ್ರಲ್ಲ ನನಗೆ, ಅದು ಕಣ್ಣಾಗೇ ಐತೆ. ಅಂಥೋರು ಯಾಕೆ ಸಾಮಿ ಸುಳ್ಳು ಬರೆದ್ರು?”

ಕಾಗದ ಎದೆಯ ಮೇಲೆ ಇತ್ತು. ಬಾಯಿ ತೆರೆದೆ. “ಗೊತ್ತಿಲ್ಲಮ್ಮ” ಎಂದೆ. ಮಜ್ಜಿಗೆ ಕುಡಿದು ಎದ್ದು ಬಂದೆ.

ಆ ತಾಯಿಗೆ ಓದು ಬರುವುದಿಲ್ಲ. ಇದು ಅಚ್ಚಾದರೂ ಯಾರಾದರೂ ಓದಿ ಹೇಳಿದರೆ ಮಾತ್ರ ತಿಳಿಯುತ್ತದೆ. ಓದಿ ಹೇಳಬೇಕಾದವನು ನಾನು, ಒಮ್ಮೆ ತಪ್ಪು ಓದಿದವನು. ಬೇರೆ ಯಾರಾದರೂ ನನಗಿಂತ ಮೊದಲು ಹೋದರೆ ತಡೆಯುವುದಿಲ್ಲ. ಮಾಲೂರಿನಲ್ಲಿ ನಾನು ಕಾಲು ಹಿಡಿದದ್ದು ಸುಲಭದ ಕಾಲು. ಇಷ್ಟು ವರ್ಷ ಕ್ಷಮೆ ಕೇಳದೆ ಉಳಿದದ್ದು ಬೇರೊಬ್ಬರ ಹತ್ತಿರ. ಊರಿನವರು, ನಾನೂ ಸೇರಿ, ಅವರನ್ನು ಯೋಧನ ತಾಯಿ ಎಂದೇ ಕರೆಯುತ್ತೇವೆ. ಅವರ ಹೆಸರು ಮುನಿಲಕ್ಷ್ಮಮ್ಮ.